ಹತ್ತು ಕೆಜಿಯ ಕಲ್ಲು

ಮಂಡಿಪೇಟೆಯ ಮೂಲೆಯಲ್ಲಿ ಆರಡಿ ಅಗಲದ ಅಂಗಡಿ ನನ್ನದು.
ಗೋಡೆ ತುಂಬ ತಕ್ಕಡಿಗಳು,
ತಟ್ಟೆಯಿಲ್ಲದವು, ಮುಳ್ಳು ಮುರಿದವು,
ರಿಪೇರಿಗೆ ಬಂದು ಯಾರೂ ಒಯ್ಯದೆ ಉಳಿದವು.
ಕರೆಂಟಿನ ಕಾಟಾ ಬಂದ ಮೇಲೆ
ನನ್ನ ಕಸುಬು ಅರ್ಧ ಗುಜರಿ, ಅರ್ಧ ನೆನಪು.

ನಿನ್ನೆ ರುದ್ರಮುನಿಯ ಮಗ ಬಂದ.
ಗಾಡಿಯ ಮುಂದೆ ಗೋಣಿಚೀಲ,
ಚೀಲದಲ್ಲಿ ನಾಲ್ಕು ಕಲ್ಲು, ಹತ್ತತ್ತು ಕೆಜಿಯವು.
"ಅಪ್ಪಾಜಿ ಕಳ್ಸಿದ್ರು. ಸರಿ ಮಾಡಿ ಕೊಡ್ಬೇಕಂತೆ.
ದೇವಸಹಾಯನ ಹತ್ರಾನೇ ಒಯ್ಯಿ ಅಂದ್ರು."
ಹುಡುಗನಿಗೆ ಏನೂ ಗೊತ್ತಿಲ್ಲ.
ಚಹಾ ತರಿಸಿದೆ, ಕುಡಿದು ಹೋದ.

ಗೊತ್ತಿರುವುದು ನನಗೆ.
ಹನ್ನೊಂದು ವರ್ಷದ ಹಿಂದೆ
ಮಂಡಕ್ಕಿ ಭಟ್ಟಿಯವರಿಗೆ ಭತ್ತ ತೂಗುವ ರುದ್ರಮುನಿ
ಕಲ್ಲಿನ ಹೊಟ್ಟೆಯಿಂದ ಒಂದಿಷ್ಟು ಸೀಸ ತೆಗಿ ಅಂದಿದ್ದ.
ನನ್ನ ಕೈ ಅದಕ್ಕೆ ಬಗ್ಗಲ್ಲ ಸಾಹುಕಾರ್ರೆ, ಅಂದಿದ್ದೆ.
ಬೇರೆ ಯಾರದೋ ಕೈ ಬಗ್ಗಿತು.
ಸಿಕ್ಕಿಬಿದ್ದ ದಿನ ಇನ್ಸ್‌ಪೆಕ್ಟರ ಎದುರು
ಅವನ ಬೆರಳು ನನ್ನ ಅಂಗಡಿಯತ್ತ ತಿರುಗಿತು.
ಅವತ್ತು ಎರಡು ಕಲ್ಲು ಜಪ್ತಿಯಾದವು;
ಉಳಿದ ನಾಲ್ಕು ಎಲ್ಲಿದ್ದವೆಂದು ಈಗ ತಿಳಿಯಿತು.

ಹದಿನೆಂಟು ತಿಂಗಳು ಲೈಸೆನ್ಸಿಲ್ಲ.
ಹನ್ನಮ್ಮ ಭಟ್ಟಿಯಲ್ಲಿ ಜರಡಿ ಹಿಡಿದಳು,
ಸಂಜೆ ಅವಳ ರೆಪ್ಪೆಯ ಮೇಲೆ ಹೊಟ್ಟಿನ ಬೂದಿ.
ಚರ್ಚಿನಲ್ಲಿ ಕಟ್ಟಕಡೆಯ ಬೆಂಚಿಗೆ ಸರಿದೆವು,
ಯಾರ ಕಣ್ಣೂ ಬೆನ್ನಿಗೆ ನಾಟದಿರಲಿ ಎಂದು.

ಅಂದಿನಿಂದ ಕರ್ತನ ಪ್ರಾರ್ಥನೆಯಲ್ಲಿ
ತಪ್ಪಿನ ಮಾತು ಬರುವ ಸಾಲಿಗೆ
ನನಗೆ ಕೆಮ್ಮು.
ಎಲ್ಲರೂ ಅದನ್ನು ದಾಟಿ ರಾಜ್ಯ, ಬಲ, ಮಹಿಮೆಗೆ ಹೋಗಿರುತ್ತಾರೆ,
ನಾನು ಕರ್ಚೀಫು ಹಿಡಿದು ಅಲ್ಲೇ ನಿಂತಿರುತ್ತೇನೆ.
ಹನ್ನಮ್ಮ ಯಾಕೆಂದು ಕೇಳಿಲ್ಲ.
ಸೆರಗಿನ ಗಂಟಿನಿಂದ ಒಂದು ಚೂರು ಜೇಷ್ಠಮಧು ತೆಗೆದು
ಕೈಗಿಡುತ್ತಾಳೆ, ಅಷ್ಟೆ.

ರಾತ್ರಿ ಷಟರ್ ಎಳೆದು ಕಲ್ಲು ಮಗುಚಿದೆ.
ಸೀಸವಿರಬೇಕಾದ ಗುಳಿಯಲ್ಲಿ ಅರಗು,
ಅರಗಿನ ಮೇಲೆ ಕಪ್ಪು ಬಣ್ಣ.
ನೂರಾ ಎಂಬತ್ತು ಗ್ರಾಂ ಕಮ್ಮಿ. ಎರಡು ಸಲ ತೂಗಿದೆ.
ಮೂರನೆಯ ಸಲ ತೂಗಿದ್ದು ಸಂತೋಷಕ್ಕೆ.
ಇಲಾಖೆಯ ಫೋನ್ ನಂಬರು ಇನ್ನೂ ಬಾಯಿಪಾಠ.
ಎಸೆಯುವುದಕ್ಕೆ ಇದಕ್ಕಿಂತ ಹದವಾದ ಕಲ್ಲು
ಯಾವ ಊರಲ್ಲಿ ಸಿಕ್ಕೀತು?

ಎಷ್ಟು ಹೊತ್ತು ಹಿಡಿದು ನಿಂತಿದ್ದೆನೋ.
ರಟ್ಟೆ ನಡುಗಿತು. ಕೆಳಗಿಟ್ಟೆ.

ಆಮೇಲೆ ಸೀಸ ಕರಗಿಸಿದೆ.
ಅದರ ಹೊಗೆ ಕೆಟ್ಟದ್ದು, ನಾಲಿಗೆಯ ಮೇಲೆ ಸಿಹಿಯಾಗಿ ಕೂರುತ್ತದೆ.
ಗುಳಿಗೆ ಹನಿಸಿ, ಅರದಿಂದ ಉಜ್ಜಿ, ತೂಗಿ, ಮತ್ತೆ ಉಜ್ಜಿ,
ನಡುರಾತ್ರಿಯ ಹೊತ್ತಿಗೆ ನಾಲ್ಕೂ ನೆಟ್ಟಗಾದವು.

ಬೆಳಿಗ್ಗೆ ನಾನೇ ಒಯ್ದೆ.
ಲಕ್ವ ಹೊಡೆದ ರುದ್ರಮುನಿ ಗಾದಿಯ ಮೇಲೆ ಒರಗಿದ್ದ,
ಒಂದು ಕೈ ಮಡಿಲಲ್ಲಿ ಮಲಗಿತ್ತು, ಬೇರೆಯವರ ಕೂಸಿನ ಹಾಗೆ.
ಮಗನನ್ನು ಚಹಾಕ್ಕೆ ಕಳಿಸಿ ಹೇಳಿದೆ:
"ಒಂದೊಂದ್ರಲ್ಲೂ ನೂರಾ ಎಂಬತ್ತು ಕಮ್ಮಿ ಇತ್ತು. ತುಂಬ್ಸೀನಿ.
ಇಲಾಖೆಗೆ ಒಯ್ದು ಸೀಲು ಹಾಕಿಸ್ಬೇಕು.
ಹೊಟ್ಟೇಲಿ ಏನಿತ್ತು ಅಂತ ಅವರು ನನ್ನ ಕೇಳಿದ್ರೆ
ನಾನು ಸುಳ್ಳು ಹೇಳಲ್ಲ."

ಬಿಲ್ಲು ಕೊಟ್ಟೆ. ಸೀಸಕ್ಕೆ ನೂರಾ ಅರವತ್ತು.
"ಕೂಲಿ?" ಅಂದ. ವಾರೆ ಬಾಯಿಂದ ಮಾತು ಒದ್ದೆಯಾಗಿ ಬಿತ್ತು.
"ಇರ್ಲಿ ಬಿಡಿ" ಅಂದೆ.
ಅಂದದ್ದು ಒಳ್ಳೆಯತನವೋ ಸೊಕ್ಕೋ
ನನಗೇ ತಿಳಿಯಲಿಲ್ಲ.

ಅವನು ಕ್ಷಮೆ ಕೇಳಲಿಲ್ಲ.
ನಾನು ಕಾದೆ, ಸುಳ್ಳೇಕೆ,
ಟೇಬಲ್ ಫ್ಯಾನು ಅತ್ತಿಂದಿತ್ತ ನಾಲ್ಕು ಸಲ ತಿರುಗುವಷ್ಟು.
ಗದ್ದದ ಮೇಲೆ ಜೊಲ್ಲು ಇಳಿಯುತ್ತಿತ್ತು.
ಪಕ್ಕದಲ್ಲಿದ್ದ ಟವೆಲ್ಲು ತಗೊಂಡು ಒರೆಸಿದೆ.
ಒರೆಸಿ ಆದ ಮೇಲೆ ನನಗೆ ಗೊತ್ತಾಯಿತು, ಒರೆಸಿದ್ದು.

ಇವತ್ತು ಶನಿವಾರ.
ನಾಳೆ ಆ ಸಾಲು ಬರುತ್ತದೆ.
ಹನ್ನಮ್ಮ ಜೇಷ್ಠಮಧು ಸೆರಗಿಗೆ ಗಂಟು ಹಾಕುತ್ತಿದ್ದಾಳೆ.
ಬೇಡ ಅನ್ನಲಿಲ್ಲ.
ಮುಳ್ಳು ಇನ್ನೂ ಅಲ್ಲಾಡುತ್ತಿದೆ.