ತಪ್ಪದೆ

ಎರಡನೆಯ ಚರಣ, ಮೂರನೆಯ ಸಾಲು.
ಅಲ್ಲಿ ನನ್ನ ಎಡಗೈ ಎಡವಿತು.
ಕೋಲು ಜಾರಿ ನೆಲಕ್ಕೆ, ನೆಲದಿಂದ ಹೆಡ್ಲಿಯ ಬೂಟಿಗೆ,
ಬೂಟಿನಿಂದ ಹೀಟರಿನ ಅಡಿಗೆ.
ಒಂದೂವರೆ ಪೆಟ್ಟಿನಷ್ಟು ಹೊತ್ತು
ಡ್ರಮ್ಮಿಲ್ಲ, ಬೇಸಿಲ್ಲ,
ನೋಲನ್ ಉಸಿರೆಳೆದುಕೊಂಡ ಸದ್ದೊಂದೇ.

ಗ್ರಿಮ್ಸ್‌ಬಿಯ ಮೀನುಕಟ್ಟೆಯ ಹಿಂದೆ
ಗಂಟೆಗೆ ಒಂಬತ್ತು ಪೌಂಡಿನ ಸ್ಟುಡಿಯೋ.
ಎಂಬತ್ತಾರರ ಫೆಬ್ರವರಿ. ಗೋಡೆ ತುಂಬ ಮೊಟ್ಟೆಯ ಟ್ರೇ,
ಮೈಕಿಗೂ ಹ್ಯಾಡಕ್ ಮೀನಿನ ವಾಸನೆ.
ಇನ್ನೊಂದು ಸಲ ನುಡಿಸೋಣ, ಅಂದೆ.
ಟೇಪೂ ಮುಗಿಯಿತು, ದುಡ್ಡೂ ಮುಗಿಯಿತು,
ಅಂದಳು ಇವೊನ್,
ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸುತ್ತ.

ಹಾಗೆ ಹೊರಬಿತ್ತು ‘ಲೊರೇನಳ ಕೋಟು’.
ಪೇಪರ್ ಹಾರ್ಬರ್ಸ್ ಅಂದರೆ ನಾವು ನಾಲ್ವರು.
ಪಟ್ಟಿಯಲ್ಲಿ ಇಪ್ಪತ್ತಮೂರರವರೆಗೆ ಹತ್ತಿತು ಹಾಡು,
ಒಂದು ವಾರ ಅಲ್ಲಿ ಕೂತು ಸುತ್ತ ನೋಡಿತು,
ಇಳಿಯಿತು.
ಪತ್ರಿಕೆಯವನೊಬ್ಬ ಬರೆದ:
ಆ ಮೌನ! ಕೋಟಿನಿಂದ ಗುಂಡಿಯೊಂದು ಉದುರಿದ ಹಾಗೆ.
ಎಂಥ ಎದೆಗಾರಿಕೆ ಆ ಡ್ರಮ್ಮರನದು!
ಅಮ್ಮ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು.
ನಾನು ಬಾಯಿ ಬಿಡಲಿಲ್ಲ.

ಕೆಲಸ ಶುರುವಾದದ್ದು ಆಮೇಲೆ.
ಅದೇ ಜಾಗ, ಅಷ್ಟೇ ಹೊತ್ತು,
ತಪ್ಪನ್ನು ತಪ್ಪದೆ ಮಾಡಬೇಕು.
ಒಂದು ಚಳಿಗಾಲವಿಡೀ ಗ್ಯಾರೇಜಿನಲ್ಲಿ ಕೂತು
ಎಡವುವುದನ್ನು ಕಲಿತೆ.
ಕೂದಲೆಳೆ ಮುಂಚೆಯಾದರೆ ಲೆಕ್ಕಾಚಾರ,
ಕೂದಲೆಳೆ ತಡವಾದರೆ ನಾಟಕ.

ಬೇರೆ ಹದಿನೇಳು ಹಾಡು ಮಾಡಿದೆವು.
‘ಉಪ್ಪಿನ ದೀಪ’ ಅಂತ ಒಂದಿದೆ,
ಹುಡುಕಿದರೂ ತಪ್ಪು ಸಿಗದು,
ನಡುವೆ ಇವೊನಳ ಗಿಟಾರು
ಅಳಲು ಹೊರಟು ನಕ್ಕುಬಿಡುತ್ತದೆ.
ಮಾರಾಟವಾದದ್ದು ನಾನ್ನೂರ ಹನ್ನೊಂದು ಪ್ರತಿ,
ಒಂಬತ್ತನ್ನು ಕೊಂಡವಳು ನಮ್ಮತ್ತೆ ಐರಿಸ್.

ಹೆಡ್ಲಿ ಬಸ್ಸು ಓಡಿಸಿದ. ನೋಲನ್‌ಗೆ ಎರಡು ಮದುವೆ, ಒಂದು ಬೈಪಾಸ್.
ನಾನು ಬಾಯ್ಲರ್ ರಿಪೇರಿಗೆ ಇಳಿದೆ.
ಒಮ್ಮೆ ಸ್ಕನ್‌ಥಾರ್ಪಿನಲ್ಲಿ ಯಾರದೋ ಅಡುಗೆಮನೆ;
ನೆಲದ ಮೇಲೆ ಅಂಗಾತ ಮಲಗಿ ಪೈಪು ಬಿಗಿಯುತ್ತಿದ್ದೆ.
ಪಾತ್ರೆ ತೊಳೆಯುತ್ತಿದ್ದಾಕೆ ಗುನುಗುತ್ತ ಗುನುಗುತ್ತ
ಆ ಜಾಗಕ್ಕೆ ಬಂದು ಸುಮ್ಮನಾದಳು.
ನಲ್ಲಿ ಸುರಿಯುತ್ತಲೇ ಇತ್ತು.
ಸ್ಪ್ಯಾನರ್ ಹಿಡಿದೇ ಎಣಿಸಿದೆ:
ಸರಿಯಾಗಿ ಒಂದೂವರೆ.
ನಾನು ಯಾರೆಂದು ಹೇಳಲಿಲ್ಲ.
ಬಿಲ್ಲಿನಲ್ಲಿ ಐದು ಪೌಂಡು ಬಿಟ್ಟೆ.

ಈಗ ಎಡಗೈಗೆ ನಡುಕ.
ಡಾಕ್ಟರು ಅದಕ್ಕೊಂದು ಹೆಸರಿಟ್ಟಿದ್ದಾರೆ,
ಬ್ಯಾಂಡಿನವರಿಗೆ ಇನ್ನೂ ತಿಳಿಸಿಲ್ಲ.

ಹೋದ ಅಕ್ಟೋಬರು, ಕ್ಲೀಥಾರ್ಪ್ಸಿನ ಕಡಲಂಚಿನ ಹಾಲು.
ಅರವತ್ತು ಜನ, ಕುರ್ಚಿಯ ಬೆನ್ನಿಗೆ ಅರವತ್ತು ಕೋಟು.
ಕೊನೆಯ ಹಾಡು ಯಾವುದೆಂದು ಯಾರೂ ಕೇಳುವುದಿಲ್ಲ.
ಮೊದಲ ಚರಣದಲ್ಲೇ
ಕೋಲು ಬಿತ್ತು.
ನಿಜವಾಗಿ ಬಿತ್ತು, ಮೂವತ್ತೆಂಟು ವರ್ಷಕ್ಕೆ ಮೊದಲ ಸಲ,
ನಾನು ಕಲಿಸದೆ, ಅದಾಗಿಯೇ.
ನೋಲನ್ ತಿರುಗಿ ನೋಡಿದ. ಇವೊನ್ ಹಿಮ್ಮಡಿಯಿಂದ
ಹಲಗೆ ಕುಟ್ಟಿ ತಾಳ ಹಿಡಿದಳು.

ಎರಡನೆಯ ಚರಣ ಬಂತು, ಮೂರನೆಯ ಸಾಲು.
ಅರವತ್ತು ಕೈ ಮೇಲಕ್ಕೆ, ಅರವತ್ತು ಉಸಿರು ಒಳಕ್ಕೆ.
ಏನಾಯಿತೋ,
ಉಳಿದಿದ್ದ ಬಲಗೈಯಿಂದ
ಆ ಒಂದೂವರೆ ಪೆಟ್ಟನ್ನು ತುಂಬಿಬಿಟ್ಟೆ.

ಬರೆದಾಗ ನಾವು ಅಂದುಕೊಂಡಿದ್ದ ಹಾಡು
ಅವತ್ತು ಮೊದಲ ಸಲ ಕೇಳಿಸಿತು.
ಪರವಾಗಿಲ್ಲ. ಸಾಧಾರಣ ಹಾಡು.

ವೈರು ಸುತ್ತುತ್ತಿದ್ದಾಗ ಒಬ್ಬಾಕೆ ವೇದಿಕೆಯ ಹತ್ತಿರ ಬಂದಳು,
ಮುಂದಿನ ಸಾಲಿನವಳು, ತೋಳಿನ ಮೇಲೆ ಕೋಟು.
ಕುರ್ಚಿಯ ಕೆಳಗೆ ಸಿಕ್ಕಿತು, ಎಂದು ಕೋಲು ಚಾಚಿದಳು.
ತಗೊಳ್ಳಿ.
ಇವತ್ತು ಸ್ವಲ್ಪ ಬೇಗ ಬಿತ್ತು, ಅಲ್ಲವೆ?