ಮಂಗಳವಾರದ ಪಾಸ್‌ವರ್ಡ್

ನನ್ನ ಅಂಗಡಿಗೆ ಮೂರು ಮೆಟ್ಟಿಲು.
ಮೇಲಿನದಕ್ಕೆ ಸಿಗ್ನಲ್ಲು, ಕೆಳಗಿನದಕ್ಕೆ ನೆರಳು,
ನಡುವಿನದು ಎರಡೂ ಬೇಕೆನ್ನುವವರಿಗೆ.
ಫಿಲಿಪ್ಸ್‌ಬರ್ಗಿನ ಈ ಓಣಿಯಲ್ಲಿ, ವಜ್ರದಂಗಡಿಗಳ ಬೆನ್ನಿಗೆ,
ನಾನು ಮಾರುವುದು ಮಾಬಿ:
ತೊಗಟೆ ಕುದಿಸಿದ ಕಹಿ ಪಾನಕ, ಲೋಟಕ್ಕೆ ಎರಡು ಡಾಲರು.
ಇಂಟರ್ನೆಟ್ಟು ಅದರ ಕೊಸರು.

ಹಡಗಿನೊಳಗೆ ಮಾತಿಗೆ ಮೀಟರು ಕಟ್ಟಿದ್ದಾರಂತೆ.
ಕೋಣೆ ಒಪ್ಪ ಮಾಡುವ ರೊಡೆಲಿಯೊ ಹೇಳುತ್ತಾನೆ:
'ಊಟ ಆಯ್ತಾ' ಅನ್ನುವುದಕ್ಕೆ ಒಂದು ಡಾಲರು,
ಆ ಕಡೆಯಿಂದ 'ಹ್ಞೂಂ' ಬರುವಷ್ಟರಲ್ಲಿ ಇನ್ನೊಂದು,
ಗಿರಗಿರ ತಿರುಗುವ ಬಿಳಿ ಉಂಗುರ ನೋಡಿದ್ದಕ್ಕೆ ಮೂರು.
ಅದಕ್ಕೇ ವಾರವಿಡೀ ಫೋನನ್ನು ವಿಮಾನದ ಮೋಡಿನಲ್ಲಿಟ್ಟು
(ಹಡಗಿನಲ್ಲಿ ವಿಮಾನ! ನನಗೆ ನಗು)
ಟವೆಲು ಮಡಿಸುತ್ತಾನೆ, ಹಂಸದ ಹಾಗೆ, ಆನೆಯ ಹಾಗೆ;
ಹೇಳಬೇಕಾದ್ದನ್ನೂ ಹಾಗೇ ಮಡಿಸಿ ಮಡಿಸಿ ಇಟ್ಟುಕೊಂಡು
ಮಂಗಳವಾರ ಎಂಟೂವರೆಗೆ ಕೆಳಗಿಳಿಯುತ್ತಾನೆ.

ಆ ಹೊತ್ತು ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲ.
ಬಾಲಿಯ ಸುವಾರ್ತಿನಿ ಏಳು ರಾತ್ರಿಗಾಗುವಷ್ಟು ಧಾರಾವಾಹಿ ಇಳಿಸಿಕೊಳ್ಳುತ್ತಾಳೆ,
ಹೊಂಡುರಾಸಿನ ವಿಲ್ಮರ್ ತಮ್ಮನಿಗೆ ದುಡ್ಡು ಕಳಿಸಿ
ತಕ್ಷಣ ಬೈಯುತ್ತಾನೆ.
ಪ್ರಯಾಣಿಕರೂ ಬರುವುದುಂಟು. ಹೆಗಲು ಸುಟ್ಟ ಒಬ್ಬ ಮುದುಕಿ:
'ನಮ್ಮಿಬ್ಬರಿಗೂ ಹಡಗಿನಲ್ಲಿ ಒಂದೇ ಪ್ಲ್ಯಾನು,
ನಾನು ಹೊರಬಂದರೆ ಅವನು ಒಳಗೆ.
ನಲವತ್ತು ವರ್ಷ ಸಂಸಾರವೂ ಹೀಗೇ ನಡೆದದ್ದು.'
ಮಾಬಿ ಒಂದು ಗುಟುಕು ಕುಡಿದು ಮುಖ ಹಿಂಡಿದಳು.
ದುಡ್ಡು ವಾಪಸ್ಸಿಲ್ಲ ಅಂದೆ.

ಪಾಸ್‌ವರ್ಡು ಗೋಡೆಗೆ ಅಂಟಿಸು ಅಂತಾನೆ ತಂಗಿಯ ಮಗ.
ಯಾಕೆ? ಬಾಯಿಬಿಟ್ಟು ಕೇಳಲಿ.
ದಿನಕ್ಕೊಂದು ಬದಲಿಸುತ್ತೇನೆ.
ಚಂಡಮಾರುತ ತಗಡು ಹೊತ್ತೊಯ್ದ ವರ್ಷ
'ಸೂರಿಲ್ಲಮಾಬಿಇದೆ', ನಡುವೆ ಜಾಗ ಬಿಡದೆ.
ಅವ್ವ ತೀರಿದ ಮಾರನೆಯ ದಿನ ಅವಳ ಹೆಸರು.
ಯಾರಿಗೂ ಗೊತ್ತಿರಲಿಲ್ಲ, ಆದರೆ ಎಲ್ಲರೂ
ಒಂದಕ್ಷರ ತಪ್ಪದೆ ಬರೆದರು;
ತಪ್ಪಿದರೆ ಬಾಗಿಲು ತೆರೆಯುವುದಿಲ್ಲವಲ್ಲ.

ಫೆಬ್ರವರಿಯ ಒಂದು ಮಂಗಳವಾರ
ಇಲ್ಲಿ ಬೆಳಿಗ್ಗೆ ಒಂಬತ್ತು, ಬತಂಗಾಸಿನಲ್ಲಿ ರಾತ್ರಿ ಒಂಬತ್ತು.
ರೊಡೆಲಿಯೊ ಮೇಲಿನ ಮೆಟ್ಟಿಲಲ್ಲಿ ಕೂರಲಾರ, ನಿಲ್ಲಲಾರ.
ಪರದೆಯ ಮೇಲೆ ಹೆಂಡತಿಯ ಹಣೆ ಚೌಕ ಚೌಕವಾಗಿ ಒಡೆದು
ಅಲ್ಲೇ ನಿಂತುಬಿಟ್ಟಿತು. ಉಂಗುರ. ಮತ್ತೆ ಉಂಗುರ.
ನನಗೆ ಏನನ್ನಿಸಿತೋ, ಪಾತ್ರೆಗೆ ಸೌಟು ಬಡಿದು ಕೂಗಿದೆ:
'ಎಲ್ಲರೂ ಫೋನು ಮುಚ್ಚಿ!'

ಮುಚ್ಚಿದರು.
ವಿಲ್ಮರ್ ಬೈಗುಳವನ್ನು ಅರ್ಧಕ್ಕೆ ನುಂಗಿದ,
ಸುವಾರ್ತಿನಿಯ ನಾಯಕಿ ಬಾಗಿಲಲ್ಲೇ ನಿಂತಳು,
ಮುದುಕಿ ಗಂಡನ ಕೈಯಿಂದ ಕಸಿದು ಮಡಿಲಲ್ಲಿಟ್ಟುಕೊಂಡಳು.
ಮೂವತ್ತು ಜನ, ಹನ್ನೊಂದು ದೇಶ,
ವಾರಕ್ಕೊಮ್ಮೆ ಸಿಗುವ ಬಿಟ್ಟಿ ಗಂಟೆ,
ಅದರಲ್ಲಿ ಹದಿನೇಳು ನಿಮಿಷ
ಕೈಯಲ್ಲಿ ಕಪ್ಪು ಗಾಜು ಹಿಡಿದು ಸುಮ್ಮನೆ ಕೂತರು.

ಅಳು ಮೊದಲು ಬಂತು, ಮುಖ ಆಮೇಲೆ.

ಮರುವಾರದ ಪಾಸ್‌ವರ್ಡು: ಲುವಾಲ್ಹಾತಿ.
ಅವನ ಅಜ್ಜಿಯ ಹೆಸರಂತೆ; ನನ್ನ ನಾಲಿಗೆಗೆ ಒಗ್ಗಲಿಲ್ಲ.
'ಹಕಾರ ಎಲ್ಲಿ ಬರುತ್ತೆ?' ಎಂದು ಬೀದಿಯೆಲ್ಲ ಕೇಳಿತು,
ಹೆಬ್ಬೆರಳುಗಳು ಇಡೀ ದಿನ ಆ ಕೂಸನ್ನು ಕರೆದವು.
ನಾಲ್ಕೂವರೆಗೆ ಹಡಗು ಕೂಗಿತು.
ಮಾತುಗಳನ್ನು ಅಲ್ಲಲ್ಲೇ ಬಿಟ್ಟು ಓಡಿದರು,
ನಾನು ಮೆಟ್ಟಿಲು ಗುಡಿಸಿದೆ: ಕಡಲೆ ಸಿಪ್ಪೆ, ಒಂದು ಸಿಮ್ಮು,
ಯಾರದೋ ಕೋಣೆಯಿಂದ ಬಂದ ಟವೆಲಿನ ಆನೆ.

ಹಡಗಿಗೂ ಈಗ ಅಗ್ಗದ ಇಂಟರ್ನೆಟ್ಟು ಬರುತ್ತದೆಯಂತೆ.
ಬರಲಿ, ಪಾಪ.
ತೊಗಟೆ ನೆನೆಹಾಕಿದ್ದೇನೆ.
ನಾಳೆಯ ಪದ ಇನ್ನೂ ಹೊಳೆದಿಲ್ಲ.