ಚಿಲ್ಲರೆ ಬಾಕಿ

ಐದೂ ಹತ್ತಕ್ಕೆ ಡಿಪೋ. ಮೆಷಿನ್ನಿಗೆ ಹೊಸ ರೋಲು.
ಖಾಕಿ ಅಂಗಿಯ ಒಳಗೆ ಬೆವರಿಗಂಟಿದ
ಮರದ ಒಂದು ಪುಟ್ಟ ಶಿಲುಬೆ, ತಲೆಯಿಲ್ಲದ್ದು.
ಡ್ರೈವರ್ ಹಾಲೇಶಪ್ಪ ಒಮ್ಮೆ ಕೇಳಿದ್ದ:
"ಮೇಲಿನ ತುಂಡು ಮುರಿದು ಬಿದ್ದಿದೆಯಲ್ಲಮ್ಮ?"
ಇಲ್ಲ, ಅದು ಇರೋದೇ ಹಾಗೆ, ಅಂದೆ.
ಮುಂದೆ ವಿವರಿಸುವಷ್ಟರಲ್ಲಿ ಆಯನೂರು ಬಂತು.

ಮಠ ಸೇರಿದವಳಲ್ಲ ನಾನು.
ಗಂಡ ಇದ್ದಾನೆ, ಗ್ಯಾಸ್ ಏಜೆನ್ಸಿಯ ಗಾಡಿ ಓಡಿಸುತ್ತಾನೆ.
ಹತ್ತನೇ ಕ್ಲಾಸಿನ ಮಗಳಿಗೆ ಗಣಿತ ಅಂದರೆ ಹೊಟ್ಟೆನೋವು.
ಮೂರನೇ ಸಭೆಯವಳು ನಾನು.
ಮೊದಲನೆಯದು ಕಂದು ನಿಲುವಂಗಿಯ ಅಣ್ಣಂದಿರದು,
ಎರಡನೆಯದು ಕದ ಮುಚ್ಚಿಕೊಂಡ ಅಕ್ಕಂದಿರದು,
ಉಳಿದದ್ದು ನಮ್ಮಂಥ ಪಾತ್ರೆ ತಿಕ್ಕುವವರಿಗೆ
ಅಂತ ಬೆನೆದಿಕ್ತಾ ಟೀಚರ್ ಬೋರ್ಡಿನ ಮೇಲೆ ಬರೆದಿದ್ದರು.
ವರ್ಷಗಟ್ಟಲೆ ಕಲಿತು, ಬಲಿಪೀಠದ ಮುಂದೆ ಮಾತು ಕೊಟ್ಟೆ:
ಲೋಕದಲ್ಲೇ ಇರುತ್ತೇನೆ, ಮುಷ್ಟಿ ಸಡಿಲ ಮಾಡಿಕೊಂಡು.
ಅವತ್ತೂ ಎರಡನೇ ಪಾಳಿ ಇತ್ತು.

ಜಪದ ಪುಸ್ತಕ ತೆರೆಯಲು ಕೈ ಎಲ್ಲಿ ಖಾಲಿ?
ಓದಲಾರದವರಿಗೆ ಹನ್ನೆರಡು ಪರಲೋಕ ಜಪ ಸಾಕು
ಎಂಬ ಹಳೆಯ ರಿಯಾಯಿತಿಯನ್ನೇ ದಾರಿಗೆ ಹಂಚಿದ್ದೇನೆ.
ಕುಂಸಿಗೆ ನಾಲ್ಕು, ಚೋರಡಿ ಸೇತುವೆಗೆ ಆರು,
ಆನಂದಪುರ ದಾಟಿದರೆ ಹತ್ತು,
ಕೊನೆಯೆರಡು ಸಾಗರದ ಸ್ಟ್ಯಾಂಡಿನಲ್ಲಿ, ಟ್ರಿಪ್ ಶೀಟು ತುಂಬುತ್ತಾ.
ಅನ್ನದ ಸಾಲಿಗೆ ಬರುವಾಗ ಯಾರೋ ಹಿಂದಿನಿಂದ,
"ಮೇಡಂ, ಕ್ರಾಸಲ್ಲಿ ನಿಲ್ಲಿಸ್ತೀರಾ?"
ಅದೂ ಜಪದೊಳಗೇ ಸೇರಿಹೋಗುತ್ತದೆ, ಬಿಡಿಸಿ ತೆಗೆಯಲಾಗದು.

ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು.
ಬಿಟ್ಟಿಯಾದರೂ ಹರಿದು ಕೊಡಲೇಬೇಕು,
ಇಳಿಯುವ ತನಕ ಕೈಯಲ್ಲಿ ಹಿಡಿದಿರಲೇಬೇಕು.
ಇದರ ಮೇಲೆ ಫಾದರ್ ಒಂದು ಪ್ರಸಂಗ ಮಾಡಬಹುದಿತ್ತು,
ಆದರೆ ಅವರು ಓಡಾಡುವುದು ಬೈಕಿನಲ್ಲಿ.

ನನ್ನ ಕಷ್ಟ ಬೇರೆ. ಟಿಕೆಟ್ಟಿನ ಬೆನ್ನಿಗೆ ಬರೆದ ಬಾಕಿ.
ಇಳಿಯುವಾಗ ಇಸ್ಕೊಳ್ಳಿ ಅಂದದ್ದು, ಅವರು ಮರೆತದ್ದು, ನಾನೂ.
ಲೆಕ್ಕ ಕಟ್ಟಿದ ಮೇಲೆ ಚೀಲದ ಮೂಲೆಯಲ್ಲಿ
ಏಳು, ಹನ್ನೆರಡು, ಮೂವತ್ತೆಂಟು.
ಕಡಿಮೆಯಿದ್ದರೂ ತಪ್ಪು, ಹೆಚ್ಚಿದ್ದರೂ ತಪ್ಪು ಅನ್ನುತ್ತಾರೆ ಚೆಕಿಂಗಿನವರು.
ಹತ್ತು ವರ್ಷ ಜೇಬಿಗೆ ಹಾಕಿದೆ. ಟೀ ಕುಡಿದೆ.
ಮಗಳಿಗೆ ಕಂಪಾಸ್ ಪೆಟ್ಟಿಗೆ ಕೊಂಡದ್ದೂ ಅದರಲ್ಲೇ.

ಎರಡನೇ ಭಾನುವಾರ ನಸೀಮಾ ನನ್ನ ಪಾಳಿ ಹೊರುತ್ತಾಳೆ,
ಅವಳ ರಂಜಾನಿನ ಸಂಜೆಗಳನ್ನು ನಾನು.
ಪುಟ್ಟ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತ
ಒಂಬತ್ತು ಜನರ ಮುಂದೆ ಕೇಳಿಯೇಬಿಟ್ಟೆ:
ಇದು ಯಾರ ದುಡ್ಡು?
ಕಾಣಿಕೆ ಡಬ್ಬಿಗೆ ಹಾಕು ಅಂದರು ಯಾರೋ. ನಿಗಮಕ್ಕೆ ಕಟ್ಟು ಅಂದರು ಟೀಚರ್.
ಇಸ್ತ್ರಿ ಅಂಗಡಿಯ ಇನ್ನಾಸಪ್ಪ ತುಂಬ ಹೊತ್ತು ಕೆಮ್ಮಿದ.
"ಗಿರಾಕಿ ಜೇಬಲ್ಲಿ ನೋಟು ಸಿಕ್ರೆ ಅದಕ್ಕೂ ಇಸ್ತ್ರಿ ಹೊಡೆದು
ಅಲ್ಲೇ ಇಟ್ಬಿಡ್ತೀನಿ. ನಿನಗೆ ಜೇಬು ಸಿಗಲ್ಲ, ಮುಖ ಸಿಗುತ್ತೆ.
ಮುಖ ಬರೆದಿಟ್ಕೋ."

ಮಗಳ ಹಳೆಯ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ
ಈಗ ಮುಖಗಳು. ಕಿವಿಗೆ ಹತ್ತಿ ಇಟ್ಟ ಅಜ್ಜ, ಚೋರಡಿ, 38.
ಮೀನಿನ ಬುಟ್ಟಿಯ ಹುಡುಗ, 7.
ಮದುವೆ ಪತ್ರಿಕೆ ಹಂಚಲು ಹೊರಟವನು, ಅತ್ತ ಹಾಗಿತ್ತು, 12.

ನವೆಂಬರಿನಲ್ಲಿ, ಸತ್ತವರಿಗಾಗಿ ಜಪಿಸುವ ತಿಂಗಳಲ್ಲಿ,
ಹತ್ತಿಯಜ್ಜ ಬದುಕಿದ್ದು ಕುಂಸಿಯಲ್ಲಿ ಹತ್ತಿದ.
ದುಡ್ಡು ಚಾಚಿದೆ. ಎರಡು ಸಲ ಎಣಿಸಿದ. ನನ್ನನ್ನು ದಿಟ್ಟಿಸಿದ.
"ನಲವತ್ತೆರಡಲ್ವೇನಮ್ಮ?"
ಇಡೀ ಬಸ್ಸು ತಿರುಗಿ ನೋಡಿತು.
ಇನ್ನು ನಾಲ್ಕು ರೂಪಾಯಿ ಕೊಟ್ಟೆ,
ಮುಖ ಗಂಟಿಕ್ಕಿಕೊಂಡೇ ಕೊಟ್ಟೆ, ಸಂತರ ಹಾಗೇನಲ್ಲ.
ಅಜ್ಜ ಕಿವಿಯ ಹತ್ತಿ ಒತ್ತಿಕೊಂಡು ಕಿಟಕಿಗೆ ಒರಗಿದ.

ಸೇತುವೆ ಬಂತು. ಐದೋ ಆರೋ,
ಲೆಕ್ಕ ತಪ್ಪಿತ್ತು.
ರೈಟ್ ಅಂದೆ. ಮತ್ತೆ ಮೊದಲಿನಿಂದ.